ಮತ್ತೆ ಮತ್ತೆ ಆರುವ ಪೈಲಟ್
ಮಿಷಿಗನ್‌ನ ಚಳಿಯಲ್ಲಿ ಫರ್ನೇಸ್ ಕೈಕೊಟ್ಟರೆ ಆಗುವ ಫಜೀತಿ ಅರ್ಥವಾಗುತ್ತದೆ. ಗುಂಡಿ ಒತ್ತಿ ಹಿಡಿದಷ್ಟು ಹೊತ್ತು ಪೈಲಟ್ ಜ್ವಾಲೆ ಉರಿದು, ಬಿಟ್ಟ ಕೂಡಲೇ ಆರುತ್ತದೆ ಎಂದಿದ್ದೀರಿ. ಹಾಗಿದ್ದರೆ ನನ್ನ ಮೊದಲ ಅನುಮಾನ ಥರ್ಮೋಕಪಲ್ ಮೇಲೆ. ಜ್ವಾಲೆಯಲ್ಲಿ ಕಾಯುವ ಆ ಪುಟ್ಟ ಲೋಹದ ಕಡ್ಡಿ ಹುಟ್ಟಿಸುವ ಸುಮಾರು 25–30 ಮಿಲಿವೋಲ್ಟ್ ವಿದ್ಯುತ್ತೇ ಗ್ಯಾಸ್ ವಾಲ್ವನ್ನು ತೆರೆದಿಡುವುದು. ಥರ್ಮೋಕಪಲ್ ಬದಲಿಸುವ ಮುನ್ನ ಜ್ವಾಲೆಯನ್ನೊಮ್ಮೆ ನೋಡಿ. ಅದು ನೀಲಿಯಾಗಿ, ಕಡ್ಡಿಯ ತುದಿಯ ಅರ್ಧ ಇಂಚನ್ನು ಸುತ್ತಿಕೊಂಡಿರಬೇಕು. ಹಳದಿಯಾಗಿ ತೂಗಾಡುತ್ತಿದ್ದರೆ ಪೈಲಟ್ ತೂತಿನಲ್ಲಿ ಕಸ ಕಟ್ಟಿರಬಹುದು; ಪಾಪ, ಥರ್ಮೋಕಪಲ್‌ನದೇನೂ ತಪ್ಪಿರಲಿಕ್ಕಿಲ್ಲ. ಮತ್ತೆ ಹೊತ್ತಿಸುವ ಮುನ್ನ ಗ್ಯಾಸ್ ಬಂದ್ ಮಾಡಿ 5 ನಿಮಿಷ ಕಾಯಿರಿ. ಗ್ಯಾಸ್ ವಾಸನೆ ಬಂದರೆ ಸ್ವಿಚ್ ಕೂಡ ಮುಟ್ಟದೆ ಹೊರಗೆ ಹೋಗಿ ಗ್ಯಾಸ್ ಕಂಪನಿಗೆ ಫೋನ್ ಮಾಡಿ. ಹೊಸ ಥರ್ಮೋಕಪಲ್ ಹಾಕಿದ ಮೇಲೂ ಆರಿದರೆ ವಾಲ್ವನ್ನು ನೀವೇ ಬಿಚ್ಚಲು ಹೋಗಬೇಡಿ, ಲೈಸೆನ್ಸ್ ಇರುವ ಮೆಕ್ಯಾನಿಕ್‌ನನ್ನು ಕರೆಸಿ.