ಅದೇ ವಸ್ತುವೋ, ಹೊಸ ವಸ್ತುವೋ? ಅಡುಗೆಮನೆಯಲ್ಲೇ ಪರೀಕ್ಷಿಸಿ

ಭೌತ ಬದಲಾವಣೆಯನ್ನು ಹಿಂದಿರುಗಿಸಬಹುದು, ರಾಸಾಯನಿಕ ಬದಲಾವಣೆಯನ್ನು ಹಿಂದಿರುಗಿಸಲಾಗದು ಎಂದು ಅನೇಕ ಮಕ್ಕಳು ಬಾಯಿಪಾಠ ಮಾಡಿರುತ್ತಾರೆ. ಈ ಸೂತ್ರವನ್ನು ಪೂರ್ತಿ ನಂಬುವಂತಿಲ್ಲ. ಹರಿದ ಕಾಗದ ಮೊದಲಿನಂತಾಗುವುದಿಲ್ಲ, ಆದರೂ ಪ್ರತಿ ಚೂರೂ ಕಾಗದವೇ. ಕೇಳಬೇಕಾದ ಪ್ರಶ್ನೆ ಬೇರೆ: ಕೊನೆಗೆ ಉಳಿದದ್ದು ಅದೇ ವಸ್ತುವೋ, ಹೊಸದೋ? ಉತ್ತರ ಹುಡುಕಲು ಮನೆಯಲ್ಲೇ ಮಾಡಬಹುದಾದ ನಾಲ್ಕು ಪ್ರಯೋಗಗಳು ಇಲ್ಲಿವೆ.

ಬೇಕಾಗುವ ಸಾಮಗ್ರಿ: ಉಪ್ಪು, ಅರಿಶಿನ, ಬಟ್ಟೆ ಒಗೆಯುವ ಸೋಪು, ನಿಂಬೆಹಣ್ಣು, ಅಡುಗೆ ಸೋಡಾ, ಮೇಣದಬತ್ತಿ, ಬೆಂಕಿಪೊಟ್ಟಣ, ಗಾಜಿನ ಲೋಟ, ಅಗಲವಾದ ತಟ್ಟೆ, ಬಿಳಿ ಕಾಗದ.

1. ಮಾಯವಾದ ಉಪ್ಪು
ಅರ್ಧ ಲೋಟ ನೀರಿಗೆ ಎರಡು ಚಮಚ ಉಪ್ಪು ಹಾಕಿ ಕದಡಿ. ಉಪ್ಪು ಕಣ್ಣಿಗೆ ಕಾಣದಂತಾಗುತ್ತದೆ. ಆ ನೀರನ್ನು ತಟ್ಟೆಗೆ ಸುರಿದು ಬಿಸಿಲಿಗಿಡಿ. ನೀರು ಆವಿಯಾದ ಮೇಲೆ ತಟ್ಟೆಯಲ್ಲಿ ಉಳಿಯುವುದು ಅದೇ ಉಪ್ಪು. ಗೋಕರ್ಣದ ಬಳಿಯ ಸಾಣಿಕಟ್ಟಾದ ಗದ್ದೆಗಳಲ್ಲಿ ಸಮುದ್ರದ ನೀರಿನಿಂದ ಉಪ್ಪು ತೆಗೆಯುವುದೂ ಹೀಗೆಯೇ. ಕರಗುವುದೆಂದರೆ ಇಲ್ಲವಾಗುವುದಲ್ಲ. ಇದು ಭೌತ ಬದಲಾವಣೆ.

2. ಕೆಂಪಾಗುವ ಅರಿಶಿನ
ಅರಿಶಿನವನ್ನು ನೀರಿನಲ್ಲಿ ಕಲಸಿ ಕಾಗದಕ್ಕೆ ಬಳಿದು ಒಣಗಿಸಿ. ಅದರ ಮೇಲೆ ಸೋಪಿನ ನೀರಿನ ಹನಿ ಬಿಟ್ಟರೆ ಹಳದಿ ಬಣ್ಣ ಕೆಂಪಿಗೆ ತಿರುಗುತ್ತದೆ. ಅದೇ ಜಾಗಕ್ಕೆ ನಿಂಬೆರಸ ಹಿಂಡಿ, ಹಳದಿ ಮರಳುತ್ತದೆ. ಅರಿಶಿನದಲ್ಲಿರುವ ಕರ್ಕ್ಯುಮಿನ್ ಪ್ರತ್ಯಾಮ್ಲದೊಂದಿಗೆ ವರ್ತಿಸಿ ಬೇರೆ ರೂಪ ಪಡೆಯುತ್ತದೆ, ಆಮ್ಲ ಸಿಕ್ಕರೆ ಹಳೆಯ ರೂಪಕ್ಕೆ ಬರುತ್ತದೆ. ಅರಿಶಿನಕ್ಕೆ ಸುಣ್ಣ ಬೆರೆಸಿ ಕುಂಕುಮ ಮಾಡುವ ಹಳೆಯ ಪದ್ಧತಿಯ ಹಿಂದಿರುವುದೂ ಇದೇ ಕ್ರಿಯೆ. ಹಿಂದಿರುಗಿಸಲು ಸಾಧ್ಯವಾದರೂ ಇದು ರಾಸಾಯನಿಕ ಬದಲಾವಣೆಯೇ.

3. ಗುಳ್ಳೆಯೊಳಗೆ ಏನಿದೆ?
ಎತ್ತರದ ಲೋಟಕ್ಕೆ ಎರಡು ಚಮಚ ಅಡುಗೆ ಸೋಡಾ ಹಾಕಿ, ಎರಡು ನಿಂಬೆಹಣ್ಣಿನ ರಸ ಸುರಿಯಿರಿ. ನೊರೆ ಇಳಿದ ಕೂಡಲೇ ಉರಿಯುವ ಕಡ್ಡಿಯನ್ನು ಲೋಟದೊಳಗೆ ಇಳಿಸಿ. ಜ್ವಾಲೆ ಆರುತ್ತದೆ. ಸೋಡಾ ಮತ್ತು ಹುಳಿ ಸೇರಿ ಕಾರ್ಬನ್ ಡೈಆಕ್ಸೈಡ್ ಹುಟ್ಟಿದೆ. ಗಾಳಿಗಿಂತ ಭಾರವಾದ್ದರಿಂದ ಅದು ಲೋಟದಲ್ಲೇ ನಿಲ್ಲುತ್ತದೆ. ಕುದಿಯುವ ನೀರಿನಲ್ಲೂ ಗುಳ್ಳೆ ಏಳುತ್ತದಲ್ಲ? ಅದರೊಳಗಿರುವುದು ನೀರಿನ ಆವಿ, ತಣಿದರೆ ಮತ್ತೆ ನೀರು. ಹಾಗಾಗಿ ಗುಳ್ಳೆ ಕಂಡ ಮಾತ್ರಕ್ಕೆ ತೀರ್ಮಾನಿಸಬೇಡಿ. ಒಳಗಿರುವ ಅನಿಲ ಯಾವುದೆಂದು ಪರೀಕ್ಷಿಸಿ.

4. ಮೇಣದಬತ್ತಿಯ ಎರಡು ಪಾಠ
ವಿಜ್ಞಾನಿ ಮೈಕಲ್ ಫ್ಯಾರಡೆ 1860ರ ಡಿಸೆಂಬರ್‌ನಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಮಕ್ಕಳಿಗಾಗಿ ಆರಂಭಿಸಿದ ಉಪನ್ಯಾಸ ಮಾಲೆಗೆ ಆರಿಸಿಕೊಂಡದ್ದು ಒಂದು ಮೇಣದಬತ್ತಿಯನ್ನು. ನೀವೂ ಹಚ್ಚಿ ನೋಡಿ. ಬತ್ತಿಯ ಸುತ್ತ ಮೇಣ ಕರಗಿ, ಕೆಳಗೆ ಹರಿದು ಗಟ್ಟಿಯಾಗುತ್ತದೆ: ಭೌತ ಬದಲಾವಣೆ. ಒಣಗಿದ ತಣ್ಣನೆಯ ಲೋಟವನ್ನು ಜ್ವಾಲೆಯ ಮೇಲೆ ಕ್ಷಣಕಾಲ ಬೋರಲಾಗಿ ಹಿಡಿದರೆ ಒಳಗೆ ತೇವ ಮೂಡುತ್ತದೆ. ಅದು ಮೇಣದ ಹೈಡ್ರೋಜನ್ ಗಾಳಿಯ ಆಮ್ಲಜನಕದೊಡನೆ ಕೂಡಿ ಆದ ನೀರು, ಅಂದರೆ ಹೊಸ ವಸ್ತು. ಈಗ ಬತ್ತಿಯನ್ನು ಊದಿ ಆರಿಸಿ, ಏಳುವ ಬಿಳಿ ಹೊಗೆಗೆ ಉರಿಯುವ ಕಡ್ಡಿ ತಾಗಿಸಿ. ಬೆಂಕಿ ಹೊಗೆಯುದ್ದಕ್ಕೂ ಇಳಿದು ಬತ್ತಿಯನ್ನು ಮತ್ತೆ ಹೊತ್ತಿಸುತ್ತದೆ. ಉರಿಯುವುದು ಗಟ್ಟಿ ಮೇಣವಲ್ಲ, ಅದರ ಆವಿ ಎಂಬುದಕ್ಕೆ ಇದು ಸಾಕ್ಷಿ.

ಎಚ್ಚರಿಕೆ: ಬೆಂಕಿಯ ಪ್ರಯೋಗಗಳನ್ನು ದೊಡ್ಡವರ ಎದುರಿನಲ್ಲೇ ಮಾಡಿ. ಕೂದಲು, ಸಡಿಲ ಬಟ್ಟೆ ಜ್ವಾಲೆಯಿಂದ ದೂರವಿರಲಿ. ಪ್ರಯೋಗಕ್ಕೆ ಬಳಸಿದ ಯಾವುದನ್ನೂ ತಿನ್ನಬೇಡಿ, ಕುಡಿಯಬೇಡಿ.

ದಾಖಲಿಸುವುದು ಹೇಗೆ? ಟಿಪ್ಪಣಿ ಪುಸ್ತಕದಲ್ಲಿ ಮೂರು ಅಂಕಣ ಎಳೆಯಿರಿ: ಏನು ಕಂಡೆ, ಹೇಗೆ ಪರೀಕ್ಷಿಸಿದೆ, ಅದೇ ವಸ್ತುವೋ ಹೊಸದೋ. ನಡುವಿನ ಅಂಕಣ ಖಾಲಿಯಿದ್ದರೆ ಮೂರನೆಯದನ್ನು ತುಂಬಬೇಡಿ. ತುಪ್ಪ ಗಟ್ಟಿಯಾಗುವುದು, ಹಾಲು ಹೆಪ್ಪುಗಟ್ಟುವುದು, ಮೊಳೆ ತುಕ್ಕು ಹಿಡಿಯುವುದು, ಇವನ್ನೂ ಅದೇ ಪಟ್ಟಿಗೆ ಸೇರಿಸಿ. ಕಾರಣ ಕೊಟ್ಟು ಬರೆದ ಉತ್ತರವನ್ನು ಪರೀಕ್ಷೆ ಮುಗಿದ ಮೇಲೂ ಮರೆಯುವುದಿಲ್ಲ.