ಹೈಬ್ರಿಡ್ ಕಾರಿನ ಇಂಧನ ಲೆಕ್ಕ: ಹೊಸ ಮಾಲೀಕರಿಗೊಂದು ಪಾಠ

ಪೆಟ್ರೋಲ್ ಎಂಜಿನ್ ಮತ್ತು ವಿದ್ಯುತ್ ಮೋಟಾರ್ ಎರಡನ್ನೂ ಒಳಗೊಂಡ ಹೈಬ್ರಿಡ್ ಕಾರು ದೊಡ್ಡ ಪ್ರಮಾಣದಲ್ಲಿ ತಯಾರಾಗಿ ಮಾರುಕಟ್ಟೆಗೆ ಬಂದುದು 1997ರ ಡಿಸೆಂಬರ್‌ನಲ್ಲಿ, ಜಪಾನಿನಲ್ಲಿ. ಅದು ಟೊಯೊಟಾ ಸಂಸ್ಥೆಯ ಪ್ರಿಯಸ್. ಸರಿಯಾಗಿ 25 ವರ್ಷಗಳ ಅನಂತರ, 2022ರಲ್ಲಿ, ನಮ್ಮ ಬಿಡದಿಯ ಕಾರ್ಖಾನೆಯಲ್ಲೇ ಟೊಯೊಟಾ ಹೈರೈಡರ್, ಮಾರುತಿ ಸುಜುಕಿ ಗ್ರ್ಯಾಂಡ್ ವಿಟಾರ ಮತ್ತು ಇನ್ನೋವಾ ಹೈಕ್ರಾಸ್ ವಾಹನಗಳು ಹೈಬ್ರಿಡ್ ರೂಪದಲ್ಲಿ ತಯಾರಾಗತೊಡಗಿದವು. ಅದೇ ವರ್ಷ ಹೋಂಡಾ ಸಿಟಿಯ ಹೈಬ್ರಿಡ್ ಮಾದರಿಯೂ ಬಿಡುಗಡೆಯಾಯಿತು. ವ್ಯಾಪಾರ ನಿಮಿತ್ತ ತಿಂಗಳಿಗೆ ಸಾವಿರಾರು ಕಿಲೋಮೀಟರ್ ತಿರುಗಬೇಕಾದ ವರ್ತಕರು ಮತ್ತು ಸಣ್ಣ ಕೈಗಾರಿಕೋದ್ಯಮಿಗಳ ಗಮನವನ್ನು ಈ ಕಾರುಗಳು ಸೆಳೆದಿರುವುದು ಸಹಜವೇ ಆಗಿದೆ.

ಆದರೆ ಕಾರು ಕೊಂಡ ಎರಡು ಮೂರು ತಿಂಗಳಲ್ಲಿ ಅನೇಕ ಮಾಲೀಕರ ಮುಖದಲ್ಲಿ ನಿರಾಶೆ ಕಾಣುತ್ತದೆ. ಬಿಡುಗಡೆಯ ಸಮಯದಲ್ಲಿ ಹೈರೈಡರ್ ಮತ್ತು ಗ್ರ್ಯಾಂಡ್ ವಿಟಾರ ಹೈಬ್ರಿಡ್‌ಗಳಿಗೆ ಪ್ರಮಾಣೀಕರಿಸಿದ ಮೈಲೇಜ್ ಲೀಟರಿಗೆ 27.97 ಕಿ.ಮೀ.; ಹೋಂಡಾ ಸಿಟಿ ಹೈಬ್ರಿಡ್‌ಗೆ 26.5 ಕಿ.ಮೀ. ತಮ್ಮ ಕಾರು 18 ಅಥವಾ 20 ಮಾತ್ರ ಕೊಡುತ್ತಿರುವುದನ್ನು ಕಂಡ ಮಾಲೀಕರು, ಒಂದೋ ಕಾರಿನಲ್ಲಿ ದೋಷವಿದೆ, ಇಲ್ಲವೇ ತಾವು ಮೋಸ ಹೋದೆವು ಎಂದು ಭಾವಿಸುತ್ತಾರೆ. ಬಹುಪಾಲು ಸಂದರ್ಭಗಳಲ್ಲಿ ಇವೆರಡೂ ನಿಜವಲ್ಲ. ಕಾರು ಎಲ್ಲಿ ಉಳಿಸುತ್ತದೆ, ಎಲ್ಲಿ ಉಳಿಸಲಾರದು ಎಂಬುದನ್ನು ಅರಿಯದೆ ಓಡಿಸುವುದೇ ಕೊರತೆಗೆ ಮುಖ್ಯ ಕಾರಣ. ಈ ಲೆಕ್ಕವನ್ನು ತಿಳಿದುಕೊಂಡರೆ ಹೆಚ್ಚುವರಿ ವೆಚ್ಚವಿಲ್ಲದೆಯೇ ಕೊರತೆಯ ಒಂದು ಭಾಗವನ್ನು ತುಂಬಿಕೊಳ್ಳಬಹುದು.

ಬಂಡವಾಳ ಒಂದೇ, ಅದು ಪೆಟ್ರೋಲ್

ಮೊದಲು ಮನಗಾಣಬೇಕಾದ ಸಂಗತಿಯೆಂದರೆ, ಗೋಡೆಯ ಪ್ಲಗ್ಗಿನಿಂದ ಚಾರ್ಜ್ ಮಾಡಲಾಗದ ಹೈಬ್ರಿಡ್ ಕಾರಿನೊಳಗೆ ಬರುವ ಶಕ್ತಿಯೆಲ್ಲವೂ ಪೆಟ್ರೋಲಿನಿಂದಲೇ ಬರುತ್ತದೆ. ಬ್ಯಾಟರಿಯಲ್ಲಿರುವ ವಿದ್ಯುತ್ತು ಉಚಿತವಾಗಿ ದೊರೆತುದಲ್ಲ. ಅದು ಪೆಟ್ರೋಲನ್ನು ಉರಿಸಿ ಪಡೆದ ಶಕ್ತಿಯ ಇನ್ನೊಂದು ರೂಪ. ಹೈರೈಡರ್ ವರ್ಗದ ಕಾರಿನ ಹೈಬ್ರಿಡ್ ಬ್ಯಾಟರಿಯ ಒಟ್ಟು ಸಾಮರ್ಥ್ಯ ಮನೆಯ ವಿದ್ಯುತ್ ಮೀಟರಿನ ಒಂದು ಯೂನಿಟ್‌ಗಿಂತಲೂ ಕಡಿಮೆ. ಒಂದು ಲೀಟರ್ ಪೆಟ್ರೋಲಿನಲ್ಲಿರುವ ಶಾಖಶಕ್ತಿಯಾದರೋ ಸುಮಾರು 9 ಯೂನಿಟ್. ಆದ್ದರಿಂದ ಬ್ಯಾಟರಿಯು ಉಗ್ರಾಣವಲ್ಲ. ಅಂಗಡಿಯ ಗಲ್ಲಾಪೆಟ್ಟಿಗೆಯಂತೆ ಕ್ಷಣಕ್ಷಣದ ಒಳಹರಿವು ಹೊರಹರಿವನ್ನು ನಿಭಾಯಿಸುವ ಸಾಧನ ಮಾತ್ರ.

ಹಾಗಾದರೆ ಉಳಿತಾಯ ಎಲ್ಲಿಂದ? ಮೂರು ಮೂಲಗಳಿಂದ. ಒಂದು, ಸಿಗ್ನಲ್‌ಗಳಲ್ಲಿ ಮತ್ತು ನಿಧಾನಗತಿಯಲ್ಲಿ ಎಂಜಿನ್ ನಿಂತುಹೋಗುತ್ತದೆ. ಎರಡು, ಈ ಕಾರುಗಳ ಎಂಜಿನ್ನು ಬ್ರಿಟಿಷ್ ಎಂಜಿನಿಯರ್ ಜೇಮ್ಸ್ ಆಟ್ಕಿನ್ಸನ್ 19ನೆಯ ಶತಮಾನದಲ್ಲಿ ರೂಪಿಸಿದ ತತ್ತ್ವವನ್ನು ಅನುಸರಿಸುತ್ತದೆ. ಅದರ ಎಳೆತ ಸ್ವಲ್ಪ ಕಡಿಮೆ, ಆದರೆ ಅದೇ ಪೆಟ್ರೋಲಿನಿಂದ ಹೆಚ್ಚು ಕೆಲಸ ತೆಗೆಯುತ್ತದೆ. ಎಳೆತದ ಕೊರತೆಯನ್ನು ಮೋಟಾರ್ ತುಂಬಿಕೊಡುತ್ತದೆ. ಮೂರು, ಬ್ರೇಕ್ ಹಾಕಿದಾಗ ಮೋಟಾರು ಜನರೇಟರಿನಂತೆ ತಿರುಗಿ, ವ್ಯರ್ಥವಾಗುತ್ತಿದ್ದ ಚಲನಶಕ್ತಿಯ ಒಂದಂಶವನ್ನು ಬ್ಯಾಟರಿಗೆ ಮರಳಿಸುತ್ತದೆ.

ಇಲ್ಲೊಂದು ಎಚ್ಚರಿಕೆ ಅವಶ್ಯಕ. ‘ಹೈಬ್ರಿಡ್’ ಎಂಬ ಹೆಸರಿನಲ್ಲಿ ಮಾರಾಟವಾಗುವ ಕೆಲವು ಕಾರುಗಳಲ್ಲಿ ಸಣ್ಣ ಮೋಟಾರು ಎಂಜಿನ್ನಿಗೆ ಅಲ್ಪ ಸಹಾಯ ಮಾಡುತ್ತದೆಯೇ ಹೊರತು ತಾನೊಂದೇ ಕಾರನ್ನು ನಡೆಸಲಾರದು. ಇವು ಸೌಮ್ಯ ಹೈಬ್ರಿಡ್‌ಗಳು. ಈ ಲೇಖನದಲ್ಲಿ ಹೇಳಿರುವುದು ಮೋಟಾರಿನಿಂದಲೇ ಚಲಿಸಬಲ್ಲ ಪೂರ್ಣ ಹೈಬ್ರಿಡ್‌ಗಳನ್ನು ಕುರಿತು.

ಬ್ರೇಕ್ ಎಂಬ ವಸೂಲಿ ಖಾತೆ

ಪ್ರಯಾಣಿಕರೂ ಸೇರಿ 1,500 ಕಿಲೋ ತೂಗುವ ಕಾರು ಗಂಟೆಗೆ 60 ಕಿ.ಮೀ. ವೇಗದಲ್ಲಿದ್ದರೆ, ಆ ವೇಗವನ್ನು ಗಳಿಸಿಕೊಳ್ಳುವುದಕ್ಕಷ್ಟೇ ಸುಮಾರು 20 ಮಿಲಿಲೀಟರ್ ಪೆಟ್ರೋಲ್ ಖರ್ಚಾಗಿರುತ್ತದೆ. ಸಾಮಾನ್ಯ ಕಾರಿನಲ್ಲಿ ಬ್ರೇಕ್ ಒತ್ತಿ ನಿಲ್ಲಿಸಿದೊಡನೆ ಅದೆಲ್ಲವೂ ಬ್ರೇಕಿನ ಬಿಸಿಯಾಗಿ ಗಾಳಿಗೆ ಸೇರುತ್ತದೆ. ಅಂತಹ 50 ನಿಲುಗಡೆಗಳಿಗೆ ಒಂದು ಲೀಟರ್ ಪೆಟ್ರೋಲ್ ಹೋಯಿತೆಂದೇ ತಿಳಿಯಬೇಕು.

ಹೈಬ್ರಿಡ್ ಕಾರು ಇದರಲ್ಲೊಂದು ಭಾಗವನ್ನು ವಸೂಲಿ ಮಾಡುತ್ತದೆ, ಪೂರ್ಣವಾಗಿ ಅಲ್ಲ. ಚಕ್ರದಿಂದ ಜನರೇಟರಿಗೆ, ಅಲ್ಲಿಂದ ಬ್ಯಾಟರಿಗೆ, ಬ್ಯಾಟರಿಯಿಂದ ಮೋಟಾರಿಗೆ, ಮೋಟಾರಿನಿಂದ ಮತ್ತೆ ಚಕ್ರಕ್ಕೆ ಶಕ್ತಿ ಕೈ ಬದಲಾಯಿಸುತ್ತದೆ. ಪ್ರತಿ ಕೈಯಲ್ಲೂ ಹತ್ತನೆಯ ಒಂದು ಭಾಗ ದಲ್ಲಾಳಿಯಾಗಿ ಕಳೆದುಹೋಯಿತೆಂದು ಭಾವಿಸಿದರೆ, ನಾಲ್ಕು ಕೈ ದಾಟುವಷ್ಟರಲ್ಲಿ ಉಳಿಯುವುದು ಮೂರರಲ್ಲಿ ಎರಡು ಭಾಗ ಮಾತ್ರ. ಥಟ್ಟನೆ ಬಲವಾಗಿ ಬ್ರೇಕ್ ಒತ್ತಿದರೆ ಇದೂ ದಕ್ಕದು. ಏಕೆಂದರೆ ಜನರೇಟರಿನ ಶಕ್ತಿಗೆ ಮಿತಿಯಿದೆ, ಮಿತಿ ಮೀರಿದ ಕೆಲಸವನ್ನು ಮಾಮೂಲು ಬ್ರೇಕುಗಳೇ ಮಾಡುತ್ತವೆ.

ಸಾಲ ವ್ಯಾಪಾರ ಮಾಡುವ ಯಾವುದೇ ವರ್ತಕರಿಗೆ ಇದರ ತಾತ್ಪರ್ಯ ಸುಲಭವಾಗಿ ಹೊಳೆಯುತ್ತದೆ. ವಸೂಲಿಯ ವ್ಯವಸ್ಥೆ ಚೆನ್ನಾಗಿದೆಯೆಂದು ಕಂಡಕಂಡಲ್ಲಿ ಸಾಲ ಕೊಡುವುದು ಜಾಣತನವಲ್ಲ. ಮುಂದೆ ಸಿಗ್ನಲ್ ಕೆಂಪಾಗಿದ್ದರೆ, ರಸ್ತೆ ಉಬ್ಬು ಕಂಡರೆ, ಟೋಲ್ ದ್ವಾರ ಸಮೀಪಿಸುತ್ತಿದ್ದರೆ, ದೂರದಿಂದಲೇ ಆಕ್ಸಿಲರೇಟರಿನಿಂದ ಕಾಲು ತೆಗೆದು ಕಾರನ್ನು ತಾನಾಗಿಯೇ ಸಾಗಲು ಬಿಡುವುದು ಅತ್ಯುತ್ತಮ. ಏಕೆಂದರೆ ಅಲ್ಲಿ ಶಕ್ತಿ ಕೈ ಬದಲಾಯಿಸುವುದೇ ಇಲ್ಲ. ಅನಂತರ ಮೆಲ್ಲಗೆ, ದೀರ್ಘವಾಗಿ ಬ್ರೇಕ್ ಒತ್ತುವುದು ಎರಡನೆಯ ಉತ್ತಮ. ಕೊನೆಯ ಕ್ಷಣದ ಬಲವಾದ ಬ್ರೇಕ್ ಅಪಾಯ ತಪ್ಪಿಸಲು ಮಾತ್ರ.

ವೇಗ ಹೆಚ್ಚಿದಂತೆ ಹೈಬ್ರಿಡ್‌ನ ಲಾಭ ಕಡಿಮೆ

ಹೆದ್ದಾರಿಯಲ್ಲಿ ಒಂದೇ ಸಮನೆ ಓಡುವಾಗ ಬ್ರೇಕಿನಿಂದ ವಸೂಲಾಗುವುದು ಏನೂ ಇಲ್ಲ, ಎಂಜಿನ್ ನಿಲ್ಲುವ ಸಂದರ್ಭವೂ ವಿರಳ. ಅಲ್ಲಿ ಮುಖ್ಯ ಶತ್ರು ಗಾಳಿಯ ಪ್ರತಿರೋಧ. ಇದು ವೇಗದ ವರ್ಗದಂತೆ ಏರುತ್ತದೆ: ವೇಗವು ಗಂಟೆಗೆ 80 ಕಿ.ಮೀ.ನಿಂದ 100 ಕಿ.ಮೀ.ಗೆ, ಅಂದರೆ ಶೇ. 25ರಷ್ಟು ಏರಿದರೆ ಪ್ರತಿರೋಧ ಶೇ. 56ರಷ್ಟು ಹೆಚ್ಚುತ್ತದೆ. ತುಮಕೂರಿನಿಂದ ಬೆಂಗಳೂರಿಗೆ ಸುಮಾರು 70 ಕಿ.ಮೀ. ದೂರವನ್ನು 80ರಲ್ಲಿ ಕ್ರಮಿಸಿದರೆ 52 ನಿಮಿಷ, 100ರಲ್ಲಿ 42 ನಿಮಿಷ. ಈ ಹತ್ತು ನಿಮಿಷವನ್ನು ಪೀಣ್ಯದ ವಾಹನ ದಟ್ಟಣೆ ನುಂಗಿಹಾಕುವುದು ಅಪರೂಪವೇನಲ್ಲ. ಆದರೆ ಖರ್ಚಾದ ಪೆಟ್ರೋಲ್ ಮರಳುವುದಿಲ್ಲ.

ಪ್ರಮಾಣಪತ್ರದ ಅಂಕಿಗೂ ರಸ್ತೆಯ ಅಂಕಿಗೂ ಇರುವ ಅಂತರಕ್ಕೆ ಇದೂ ಒಂದು ಕಾರಣ. ಆ ಅಂಕಿಗಳನ್ನು ಪಡೆದ ಪ್ರಯೋಗಶಾಲಾ ಪರೀಕ್ಷೆಯಲ್ಲಿ ಗರಿಷ್ಠ ವೇಗ ಗಂಟೆಗೆ 90 ಕಿ.ಮೀ.; ಎ.ಸಿ. ಚಾಲನೆಯಲ್ಲಿ ಇರುವುದಿಲ್ಲ. ಇದಲ್ಲದೆ ಶೇ. 20ರಷ್ಟು ಎಥನಾಲ್ ಬೆರೆತ ಪೆಟ್ರೋಲಿನಲ್ಲಿ, ಎಥನಾಲ್ ಇಲ್ಲದ ಪೆಟ್ರೋಲಿಗಿಂತ ಲೀಟರಿಗೆ ಶೇ. 6ರಿಂದ 7ರಷ್ಟು ಕಡಿಮೆ ಶಕ್ತಿಯಿರುತ್ತದೆ. ಆದುದರಿಂದ ಪ್ರಮಾಣಪತ್ರದ ಅಂಕಿಯನ್ನು ಎರಡು ಕಾರುಗಳ ಹೋಲಿಕೆಗೆ ಬಳಸಬೇಕೇ ಹೊರತು ತಿಂಗಳ ಖರ್ಚಿನ ಅಂದಾಜಿಗಲ್ಲ.

ಗಮನಿಸಬೇಕಾದ ಇತರ ಅಂಶಗಳು

1. ಅಲ್ಪ ದೂರದ ಓಡಾಟ: ತಣ್ಣಗಿರುವ ಎಂಜಿನ್ ಬಿಸಿಯಾಗುವವರೆಗೂ, ಹೊಗೆ ಶುದ್ಧೀಕರಿಸುವ ಭಾಗ ಕಾಯುವವರೆಗೂ, ಬ್ಯಾಟರಿ ತುಂಬಿದ್ದರೂ ಎಂಜಿನ್ ಓಡುತ್ತದೆ. ಬ್ಯಾಂಕು, ಗೋದಾಮು, ತೆರಿಗೆ ಸಲಹೆಗಾರರ ಕಚೇರಿ ಎಂದು ಗಂಟೆಗೊಮ್ಮೆ ಎರಡೆರಡು ಕಿ.ಮೀ. ಹೊರಡುವುದಕ್ಕಿಂತ, ಎಲ್ಲ ಕೆಲಸಗಳನ್ನೂ ಒಂದೇ ಸುತ್ತಿನಲ್ಲಿ ಮುಗಿಸುವುದು ಲೇಸು.

2. ಎ.ಸಿ.: ಈ ಕಾರುಗಳಲ್ಲಿ ಎ.ಸಿ. ಯಂತ್ರ ವಿದ್ಯುತ್ತಿನಿಂದ ನಡೆಯುತ್ತದೆ. ದಟ್ಟಣೆಯಲ್ಲಿ ನಿಂತಾಗಲೂ ಅದು ಬ್ಯಾಟರಿಯನ್ನು ಬರಿದುಮಾಡಿ, ಅದನ್ನು ತುಂಬಲು ಎಂಜಿನ್ ಪದೇ ಪದೇ ಏಳುವಂತೆ ಮಾಡುತ್ತದೆ. ಕಾರನ್ನು ನೆರಳಿನಲ್ಲಿ ನಿಲ್ಲಿಸುವುದು, ಹೊರಡುವಾಗ ಕಿಟಕಿ ತೆರೆದು ಬಿಸಿಗಾಳಿಯನ್ನು ಹೊರಹಾಕುವುದು, ತಾಪಮಾನವನ್ನು 24 ಡಿಗ್ರಿಯ ಸುಮಾರಿಗೆ ಇಡುವುದು ಉಪಯುಕ್ತ.

3. ಟೈರು ಮತ್ತು ಹೊರೆ: ಗಾಳಿ ಕಡಿಮೆಯಾದ ಟೈರು ಇಂಧನವನ್ನೂ ತನ್ನ ಆಯುಷ್ಯವನ್ನೂ ಕಳೆಯುತ್ತದೆ. ಬಾಗಿಲಿನ ಚೌಕಟ್ಟಿನ ಬಳಿಯ ಚೀಟಿಯಲ್ಲಿ ಅಥವಾ ಕೈಪಿಡಿಯಲ್ಲಿ ಸೂಚಿಸಿರುವ ಒತ್ತಡವನ್ನು, ಟೈರು ತಣ್ಣಗಿರುವಾಗ, ಹದಿನೈದು ದಿನಕ್ಕೊಮ್ಮೆಯಾದರೂ ಪರೀಕ್ಷಿಸಬೇಕು. ಡಿಕ್ಕಿಯಲ್ಲಿ ತಿಂಗಳುಗಟ್ಟಲೆ ಉಳಿದ ಮಾದರಿ ಸರಕು ಪ್ರತಿ ಬಾರಿ ಕಾರು ಹೊರಟಾಗಲೂ ಬಾಡಿಗೆ ಕೊಡದೆ ಪ್ರಯಾಣ ಮಾಡುತ್ತದೆ.

4. ಬ್ಯಾಟರಿಯ ಗಾಳಿದ್ವಾರ: ಹಲವು ಮಾದರಿಗಳಲ್ಲಿ ಹೈಬ್ರಿಡ್ ಬ್ಯಾಟರಿಯನ್ನು ತಂಪಾಗಿಡುವ ಗಾಳಿದ್ವಾರ ಹಿಂದಿನ ಆಸನದ ಬಳಿ ಇರುತ್ತದೆ. ಅದರ ಮೇಲೆ ಚೀಲ, ಬಟ್ಟೆ ಇಡಬಾರದು; ಅದರ ಜಾಲರಿಯ ಧೂಳನ್ನು ಸರ್ವಿಸ್ ಸಮಯದಲ್ಲಿ ತೆಗೆಸಬೇಕು.

ಮೂರು ತಪ್ಪು ಕಲ್ಪನೆಗಳು

‘ವಿದ್ಯುತ್ತಿನಿಂದ ಮಾತ್ರ’ ಓಡುವ ಗುಂಡಿಯನ್ನು ಒತ್ತಿದಷ್ಟೂ ಉಳಿತಾಯ ಎಂಬುದು ಮೊದಲನೆಯದು. ಬ್ಯಾಟರಿ ಬರಿದಾದ ಮೇಲೆ ಅದನ್ನು ತುಂಬಲು ಎಂಜಿನ್ನೇ ದುಡಿಯಬೇಕು. ಯಾವಾಗ ಎಂಜಿನ್, ಯಾವಾಗ ಮೋಟಾರ್ ಎಂಬ ನಿರ್ಧಾರವನ್ನು ಕಾರಿನ ಗಣಕಕ್ಕೆ ಬಿಡುವುದು ಸರಿ.

ಆಮೆಯ ವೇಗದಲ್ಲಿ ಹೊರಟರೆ ಉಳಿತಾಯ ಎಂಬುದು ಎರಡನೆಯದು. ಎಂಜಿನ್ ಮಧ್ಯಮ ಹೊರೆಯಲ್ಲಿ ದಕ್ಷವಾಗಿ ದುಡಿಯುತ್ತದೆ. ಹದವಾಗಿ ವೇಗ ಗಳಿಸಿ, ಅನಂತರ ಕಾಲನ್ನು ತುಸು ಸಡಿಲಿಸಿ ಆ ವೇಗವನ್ನು ಕಾಯ್ದುಕೊಳ್ಳುವುದು ಉತ್ತಮ ಪದ್ಧತಿ.

ನ್ಯೂಟ್ರಲ್‌ನಲ್ಲಿ ಇಟ್ಟರೆ ಉಳಿತಾಯ ಎಂಬುದು ಮೂರನೆಯದು, ಎಲ್ಲಕ್ಕಿಂತ ಹಾನಿಕರವಾದುದು. ನ್ಯೂಟ್ರಲ್‌ನಲ್ಲಿ ಟೊಯೊಟಾ ಮಾದರಿಯ ಹೈಬ್ರಿಡ್‌ನ ಬ್ಯಾಟರಿ ಚಾರ್ಜ್ ಆಗುವುದಿಲ್ಲ, ಇಳಿಜಾರಿನಲ್ಲಿ ಕಾರಿನ ಹಿಡಿತವೂ ತಪ್ಪುತ್ತದೆ. ಘಟ್ಟ ಇಳಿಯುವವರು ಇದನ್ನು ವಿಶೇಷವಾಗಿ ಗಮನಿಸಬೇಕು. 1,500 ಕಿಲೋ ತೂಕದ ಕಾರು 500 ಮೀಟರ್ ಎತ್ತರದಿಂದ ಇಳಿಯುವಾಗ ಬಿಡುಗಡೆಯಾಗುವ ಶಕ್ತಿ ಸುಮಾರು 2 ಯೂನಿಟ್. ಒಂದು ಯೂನಿಟ್ಟೂ ಇಲ್ಲದ ಬ್ಯಾಟರಿ ಅರ್ಧ ದಾರಿಯಲ್ಲೇ ತುಂಬಿಹೋಗುವುದು ಸಹಜ. ಶಿರಾಡಿ, ಚಾರ್ಮಾಡಿಗಳಂತಹ ದೀರ್ಘ ಇಳಿಜಾರುಗಳಲ್ಲಿ ‘ಬಿ’ ಸ್ಥಾನವಿರುವ ಕಾರುಗಳಲ್ಲಿ ಅದನ್ನು ಬಳಸಿ, ಎಂಜಿನ್ನಿನ ತಡೆಯಿಂದ ವೇಗವನ್ನು ನಿಯಂತ್ರಿಸಬೇಕು. ಸಮತಟ್ಟು ರಸ್ತೆಯಲ್ಲಿ ಅದೇ ‘ಬಿ’ ಸ್ಥಾನ ನಷ್ಟಕ್ಕೆ ದಾರಿ.

ಲೆಕ್ಕ ಬರೆದಿಡುವ ಕ್ರಮ

ಫಲಕದ ಮೇಲೆ ಕಾರು ತೋರಿಸುವ ಮೈಲೇಜ್ ಒಂದು ಅಂದಾಜು. ನಿಜವಾದ ಲೆಕ್ಕಕ್ಕೆ ಒಂದೇ ಬಂಕಿನಲ್ಲಿ, ಪಂಪು ತಾನಾಗಿ ನಿಲ್ಲುವವರೆಗೆ ಟ್ಯಾಂಕ್ ತುಂಬಿಸಿ ಓಡೋಮೀಟರ್ ಅಂಕಿಯನ್ನು ಬರೆದುಕೊಳ್ಳಬೇಕು. ಮುಂದಿನ ಬಾರಿ ಅದೇ ರೀತಿ ತುಂಬಿಸಿ, ಕ್ರಮಿಸಿದ ದೂರವನ್ನು ಹಾಕಿದ ಲೀಟರುಗಳಿಂದ ಭಾಗಿಸಬೇಕು. ಒಂದು ಟ್ಯಾಂಕಿನ ಫಲಿತಾಂಶದಿಂದ ತೀರ್ಮಾನಕ್ಕೆ ಬರದೆ, ಮೂರು ನಾಲ್ಕು ಟ್ಯಾಂಕುಗಳ ಸರಾಸರಿ ತೆಗೆಯಬೇಕು. ಚಾಲಕರ ಹೆಸರು, ದಾರಿ, ಟೈರಿನ ಒತ್ತಡವನ್ನೂ ಅದೇ ಪುಸ್ತಕದಲ್ಲಿ ನಮೂದಿಸಿದರೆ ಸೋರಿಕೆ ಎಲ್ಲಿದೆಯೆಂಬುದು ತಾನಾಗಿ ಹೊರಬೀಳುತ್ತದೆ.

ಉದಾಹರಣೆಗೆ, ವರ್ಷಕ್ಕೆ 24,000 ಕಿ.ಮೀ. ಓಡುವ ಹೈಬ್ರಿಡ್ ಕಾರಿನ ಮೈಲೇಜ್ 18ರಿಂದ 22ಕ್ಕೆ ಏರಿದರೆ, ಬೇಕಾಗುವ ಪೆಟ್ರೋಲ್ 1,333 ಲೀಟರಿನಿಂದ 1,091 ಲೀಟರಿಗೆ ಇಳಿಯುತ್ತದೆ. ಉಳಿತಾಯ 242 ಲೀಟರ್. ಲೆಕ್ಕದ ಅನುಕೂಲಕ್ಕಾಗಿ ಲೀಟರಿಗೆ 100 ರೂಪಾಯಿ ಎಂದು ಹಿಡಿದರೆ 24,200 ರೂಪಾಯಿ. ಪೆಟ್ರೋಲ್ ಜಿ.ಎಸ್.ಟಿ. ವ್ಯಾಪ್ತಿಯ ಹೊರಗಿರುವುದರಿಂದ ಅದರ ಮೇಲೆ ತೆತ್ತ ತೆರಿಗೆಗೆ ಹೂಡುವಳಿ ತೆರಿಗೆ ಜಮೆ ದೊರೆಯುವುದಿಲ್ಲ. ಸ್ವಂತ ಓಡಾಟದ ಕಾರಿನ ಖರೀದಿಗೆ ತೆತ್ತ ಜಿ.ಎಸ್.ಟಿ.ಗೂ ಸಾಮಾನ್ಯವಾಗಿ ಜಮೆ ಇಲ್ಲ. ಹೀಗಾಗಿ ಇಂಧನದ ತೆರಿಗೆಯನ್ನು ತಗ್ಗಿಸಲು ವರ್ತಕರ ಕೈಯಲ್ಲಿರುವ ಮಾರ್ಗ ಒಂದೇ: ಲೀಟರುಗಳನ್ನು ತಗ್ಗಿಸುವುದು.

ಇದೇ ಲೆಕ್ಕದಲ್ಲಿ ಇನ್ನೊಂದು ಪಾಠವೂ ಅಡಗಿದೆ. ಅದೇ ಉದ್ಯಮಿಯ ಸರಕು ವ್ಯಾನು ಅಷ್ಟೇ ದೂರ ಓಡುತ್ತಿದ್ದು, ಅದರ ಮೈಲೇಜ್ 10ರಿಂದ 12ಕ್ಕೆ ಏರಿತೆಂದು ಭಾವಿಸಿದರೆ, ಬೇಕಾಗುವ ಇಂಧನ 2,400 ಲೀಟರಿನಿಂದ 2,000 ಲೀಟರಿಗೆ ಇಳಿಯುತ್ತದೆ. ಕಾರಿನಲ್ಲಿ ನಾಲ್ಕು ಅಂಕ ಏರಿದಾಗ 242 ಲೀಟರ್ ಉಳಿದರೆ, ವ್ಯಾನಿನಲ್ಲಿ ಎರಡೇ ಅಂಕ ಏರಿದಾಗ 400 ಲೀಟರ್ ಉಳಿಯಿತು! ಲೀಟರಿಗೆ ಎಷ್ಟು ಕಿಲೋಮೀಟರ್ ಎಂಬ ಅಂಕಿ ಹೀಗೆ ದಾರಿ ತಪ್ಪಿಸಬಲ್ಲದು; 100 ಕಿಲೋಮೀಟರಿಗೆ ಎಷ್ಟು ಲೀಟರ್ ಎಂದು ಬರೆಯುವುದು ಹೆಚ್ಚು ಪ್ರಾಮಾಣಿಕವಾದ ಲೆಕ್ಕ. ದೂರದಿಂದಲೇ ಕಾಲು ತೆಗೆಯುವುದು, ಮಿತವೇಗ, ಟೈರಿನ ಒತ್ತಡ, ಅನವಶ್ಯಕ ಹೊರೆಯ ನಿವಾರಣೆ ಇವೆಲ್ಲವೂ ವ್ಯಾನಿಗೂ ಅನ್ವಯಿಸುತ್ತವೆ.

ಉಪಸಂಹಾರ

ನಗರದೊಳಗಿನ ನಿಂತು ಹೊರಡುವ ಓಡಾಟಕ್ಕೆ ಹೈಬ್ರಿಡ್ ಕಾರನ್ನೇ ಕಳುಹಿಸುವುದು, ಚಾಲಕರಿಗೆ ಬ್ರೇಕಿನ ಪಾಠವನ್ನು ತಿಳಿಹೇಳುವುದು, ತಿಂಗಳ ಕೊನೆಗೆ ಪುಸ್ತಕವನ್ನು ತಾಳೆ ನೋಡುವುದು: ಹೊಸ ಮಾಲೀಕರು ಈ ಮೂರನ್ನು ರೂಢಿಸಿಕೊಂಡರೆ ಸಾಕು. ಹೆಚ್ಚು ಬೆಲೆ ಕೊಟ್ಟು ತಂದ ಯಂತ್ರ ತಾನಾಗಿ ಲಾಭ ತರುವುದಿಲ್ಲ. ಅದನ್ನು ನಡೆಸುವ ಕ್ರಮ ಲಾಭ ತರುತ್ತದೆ. ಕಾರ್ಖಾನೆಯ ಯಂತ್ರಗಳ ವಿಷಯದಲ್ಲಿ ಸಣ್ಣ ಉದ್ಯಮಿಗಳು ಅನುಭವದಿಂದ ಅರಿತಿರುವ ಈ ಮಾತು ಅವರ ಮನೆಬಾಗಿಲಿನಲ್ಲಿ ನಿಂತಿರುವ ಕಾರಿಗೂ ಸಲ್ಲುತ್ತದೆ.