ಬ್ಯಾಟರಿ ಅಂಗಡಿಯ ಸೀಸ, ಬಸುರಿನ ಕೂಸು

ಈ ಸಲ ಬಂದ ಪತ್ರಗಳಲ್ಲಿ ಸೀಸದ ಬಗ್ಗೆಯೇ ಕೆಲವಿದ್ದವು. ಎಲ್ಲವನ್ನೂ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಮೊದಲನೆಯ ಪತ್ರಕ್ಕೆ ಉತ್ತರ ಉದ್ದವಾಗಿದೆ, ಅದಕ್ಕೆ ಕಾರಣವಿದೆ.

ಪ್ರಶ್ನೆ: ನನಗೆ 23 ವರ್ಷ, ಚೊಚ್ಚಲ ಬಸುರಿ, ನಾಲ್ಕು ತಿಂಗಳು ತುಂಬಿದೆ. ಯಜಮಾನರು ಮತ್ತು ಮೈದುನ ಸೇರಿ ಹೈವೇ ಪಕ್ಕ ಬ್ಯಾಟರಿ ಅಂಗಡಿ ಇಟ್ಟಿದ್ದಾರೆ. ಲಾರಿ, ಟ್ರ್ಯಾಕ್ಟರ್, ಯುಪಿಎಸ್‌ಗಳ ಹಳೇ ಬ್ಯಾಟರಿಗಳನ್ನು ನಮ್ಮ ಹಿತ್ತಲಲ್ಲಿ ಒಡೆದು ಪ್ಲೇಟು ತೆಗೆಯುತ್ತಾರೆ. ಒಮ್ಮೊಮ್ಮೆ ಅಲ್ಲೇ ಸೀಸ ಕರಗಿಸುವುದೂ ಉಂಟು. ಅವರಿಬ್ಬರ ಬಟ್ಟೆ ಒಗೆಯುವವಳು ನಾನೇ. ನನಗೆ ರಕ್ತ 9.2 ಇದೆ ಎಂದು ಐರನ್ ಮಾತ್ರೆ ಕೊಟ್ಟಿದ್ದಾರೆ. ಸೀಸದಿಂದ ಮಗುವಿನ ಮೆದುಳಿಗೆ ಪೆಟ್ಟು ಅಂತ ಗೆಳತಿಯೊಬ್ಬಳು ಹೇಳಿದಾಗಿನಿಂದ ನಿದ್ದೆ ಇಲ್ಲ. ಮನೆಯಲ್ಲಿ ಹೇಳಿದರೆ ‘ಇಷ್ಟು ವರ್ಷದಿಂದ ಮಾಡ್ತಿದ್ದೀವಿ, ನಮಗೇನಾಗಿದೆ’ ಅಂತಾರೆ.
— ಹೆಸರು ಬೇಡ, ಆದಿವಾಲ

ಉತ್ತರ: ನಿಮ್ಮ ಗೆಳತಿ ಹೇಳಿದ್ದು ನಿಜ. ಆದರೆ ನಾಲ್ಕನೇ ತಿಂಗಳಲ್ಲೇ ಕೇಳಿದ್ದೀರಿ, ಮಾಡಲು ಬೇಕಾದಷ್ಟು ಸಮಯವಿದೆ.

ಹೆದ್ದಾರಿ ಪಕ್ಕದ ಊರಾದ್ದರಿಂದ ಲಾರಿಗಳ ಹೊಗೆಯೇ ಕಾರಣ ಎಂದು ಯಾರಾದರೂ ಹೇಳಬಹುದು. ಆ ಕಾಲ ಮುಗಿಯಿತು. ಪೆಟ್ರೋಲಿಗೆ ಸೀಸ ಬೆರೆಸುವುದನ್ನು 2000ದ ಏಪ್ರಿಲ್ 1ರಿಂದ ದೇಶದಾದ್ಯಂತ ನಿಲ್ಲಿಸಲಾಗಿದೆ. ಅದಕ್ಕೆ ಒಂದು ವರ್ಷ ಮೊದಲು, 1999ರಲ್ಲಿ, ಬೆಂಗಳೂರಿನ ಜಾರ್ಜ್ ಫೌಂಡೇಶನ್ ದೇಶದ ದೊಡ್ಡ ನಗರಗಳಲ್ಲಿ ರಕ್ತ ಪರೀಕ್ಷೆ ಮಾಡಿಸಿತ್ತು. 12 ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ರಕ್ತದಲ್ಲಿ ಡೆಸಿಲೀಟರಿಗೆ 10 ಮೈಕ್ರೋಗ್ರಾಂ ಮೀರಿದ ಸೀಸವಿತ್ತು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಡಾ. ತುಪ್ಪಿಲ್ ವೆಂಕಟೇಶ್ ಸೀಸಕ್ಕೆಂದೇ ರಾಷ್ಟ್ರೀಯ ಕೇಂದ್ರವೊಂದನ್ನು ಕಟ್ಟಿ ಬೆಳೆಸಿದರು. ಅಂದರೆ ಈ ವಿಷಯ ಕರ್ನಾಟಕಕ್ಕೆ ಹೊಸದಲ್ಲ, ನಮ್ಮ ತಾಲ್ಲೂಕಿನ ಬಸುರಿಯರ ತಪಾಸಣೆಗೆ ಮಾತ್ರ ಇನ್ನೂ ಬಂದಿಲ್ಲ. ಈಗ ಉಳಿದಿರುವ ಸೀಸದ ದೊಡ್ಡ ಪಾಲು ನಿಮ್ಮ ಹಿತ್ತಲಲ್ಲಿರುವಂಥ ಬ್ಯಾಟರಿಯಲ್ಲೇ ಇದೆ.

ಬ್ಯಾಟರಿ ಒಡೆದಾಗ ಪ್ಲೇಟಿನ ಪುಡಿ ಧೂಳಾಗಿ ಅಂಗಿ, ತಲೆಗೂದಲು, ಚಪ್ಪಲಿ, ಬೈಕಿನ ಸೀಟು ಎಲ್ಲದಕ್ಕೂ ಕೂರುತ್ತದೆ. ಕರಗಿಸಿದರೆ ಹೊಗೆ ನೇರ ಶ್ವಾಸಕೋಶಕ್ಕೆ. ನೀವು ಆ ಅಂಗಿಯನ್ನು ಕೊಡವಿ ನೆನೆಸುವಾಗ, ಹಿತ್ತಲು ಗುಡಿಸುವಾಗ ನಿಮ್ಮ ಉಸಿರಿಗೂ ಕೈಗೂ ಬರುತ್ತದೆ, ಕೈಯಿಂದ ಊಟಕ್ಕೆ. ರಕ್ತ ಸೇರಿದ ಸೀಸವನ್ನು ಮಾಸು ತಡೆಯುವುದಿಲ್ಲ. ಮೂರನೇ ತಿಂಗಳ ಕೊನೆಯ ಹೊತ್ತಿಗೇ ಅದು ಕೂಸಿನ ಕಡೆಗೆ ದಾಟತೊಡಗುತ್ತದೆ. ಹೆರಿಗೆಯಲ್ಲಿ ಹೊಕ್ಕುಳಬಳ್ಳಿಯ ರಕ್ತ ಪರೀಕ್ಷಿಸಿದರೆ ತಾಯಿಯ ಮಟ್ಟಕ್ಕೆ ಹೆಚ್ಚುಕಡಿಮೆ ಸಮವಾಗಿಯೇ ಇರುತ್ತದೆ.

ಮೆದುಳಿಗೇ ಯಾಕೆ ಪೆಟ್ಟು? ನಮ್ಮ ದೇಹ ಸೀಸವನ್ನು ಕ್ಯಾಲ್ಸಿಯಂ ಎಂದೇ ತಿಳಿದು ಒಳಗೆ ಬಿಟ್ಟುಕೊಳ್ಳುತ್ತದೆ. ನರಕೋಶವೊಂದು ಮುಂದಿನದಕ್ಕೆ ಸಂದೇಶ ದಾಟಿಸುವುದು ಕ್ಯಾಲ್ಸಿಯಂ ನೆರವಿನಿಂದ. ಆ ಜಾಗದಲ್ಲಿ ಸೀಸ ಕೂತರೆ ಸಂದೇಶ ಕೆಡುತ್ತದೆ, ಕಲಿಕೆ ಮತ್ತು ನೆನಪಿಗೆ ಬೇಕಾದ ಗ್ರಾಹಕಗಳು ಮುಚ್ಚಿಕೊಳ್ಳುತ್ತವೆ, ನರಕೋಶಗಳ ನಡುವೆ ಆಗಬೇಕಾದ ಬೆಸುಗೆ ಸರಿಯಾಗಿ ಆಗುವುದಿಲ್ಲ. ದೊಡ್ಡವರ ಮೆದುಳಿಗೆ ರಕ್ತದಿಂದ ಕೆಟ್ಟದ್ದು ನುಸುಳದಂತೆ ಒಂದು ತಡೆ ಇರುತ್ತದೆ. ಕೂಸಿನಲ್ಲಿ ಅದಿನ್ನೂ ಬಲಿತಿರುವುದಿಲ್ಲ. ಹಾಗಾಗಿ ‘ನಮಗೇನಾಗಿದೆ’ ಎಂಬ ಮಾತು ಇಲ್ಲಿ ನಡೆಯುವುದಿಲ್ಲ. ಅಲ್ಲದೆ ಅವರಿಗೇನೂ ಆಗಿಲ್ಲ ಎಂಬುದೂ ಖಾತರಿಯಿಲ್ಲ. ಬಿಪಿ, ಹೊಟ್ಟೆ ಹಿಡಿತ, ಮಲಬದ್ಧತೆ, ಕೈಕಾಲು ಸೋಲು, ವೀರ್ಯದ ದೋಷ ಇವೆಲ್ಲ ಬ್ಯಾಟರಿ ಕೆಲಸದವರಲ್ಲಿ ಕಾಣುವಂಥವೇ.

ನಿಮ್ಮ 9.2 ನನಗೆ ಮುಖ್ಯವಾಗಿ ಕಂಡಿತು. ಕಬ್ಬಿಣದ ಕೊರತೆ ಇದ್ದಾಗ ಕರುಳು ಸೀಸವನ್ನು ಹೆಚ್ಚು ಹೀರುತ್ತದೆ, ಸೀಸ ಹೆಚ್ಚಾದರೆ ಹಿಮೋಗ್ಲೋಬಿನ್ ತಯಾರಿ ಇನ್ನಷ್ಟು ಕುಂಠಿತವಾಗುತ್ತದೆ. ಮಾತ್ರೆ ತಪ್ಪಿಸಬೇಡಿ. ಆಸ್ಪತ್ರೆಯಲ್ಲಿ ಕೊಡುವ ಕ್ಯಾಲ್ಸಿಯಂ, 500 ಮಿಲಿಗ್ರಾಂ ದಿನಕ್ಕೆರಡು, ಅದನ್ನೂ ಬಿಡಬೇಡಿ. ಎರಡನ್ನೂ ಒಟ್ಟಿಗೆ ನುಂಗಬೇಡಿ, ನಡುವೆ ಎರಡು ಗಂಟೆಯಾದರೂ ಇರಲಿ. ಬಸುರಿಯ ಊಟದಲ್ಲಿ ಕ್ಯಾಲ್ಸಿಯಂ ಸಾಲದಿದ್ದರೆ ದೇಹ ಮೂಳೆಯಿಂದ ತೆಗೆದು ಕೂಸಿಗೆ ಕೊಡುತ್ತದೆ. ದೊಡ್ಡವರ ಮೈಯಲ್ಲಿರುವ ಸೀಸದ ಶೇಕಡ 90ಕ್ಕೂ ಹೆಚ್ಚು ಪಾಲು ಮೂಳೆಯಲ್ಲೇ ದಶಕಗಟ್ಟಲೆ ಕೂತಿರುತ್ತದೆ, ಕ್ಯಾಲ್ಸಿಯಂ ಜೊತೆ ಅದೂ ಹೊರಡುತ್ತದೆ. ನಮ್ಮ ಸೀಮೆಯವರಿಗೆ ಇಲ್ಲಿ ಒಂದು ಅನುಕೂಲವಿದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ. ಮುದ್ದೆ ಬಿಟ್ಟು ಅನ್ನಕ್ಕೆ ಹೊರಳಿದ್ದರೆ ವಾಪಸ್ ಬನ್ನಿ. ಮಾತೃಪೂರ್ಣ ಯೋಜನೆಯಲ್ಲಿ ಅಂಗನವಾಡಿಯ ಊಟ, ಮೊಟ್ಟೆ, ಹಾಲು ನಿಮಗೆಂದೇ ಇದೆ, ನಾಚಿಕೆಪಡದೆ ಹೋಗಿ.

ಇನ್ನು ಮನೆ. ಹಿತ್ತಲಲ್ಲಿ ಬ್ಯಾಟರಿ ಒಡೆಯುವುದು, ಸೀಸ ಕರಗಿಸುವುದು ಇವತ್ತೇ ನಿಲ್ಲಬೇಕು. ಇದರಲ್ಲಿ ರಾಜಿ ಇಲ್ಲ. ಕಾನೂನೂ ಅದನ್ನೇ ಹೇಳುತ್ತದೆ: 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೇ ಬ್ಯಾಟರಿ ಹೋಗಬೇಕಾದದ್ದು ನೋಂದಾಯಿತ ಮರುಬಳಕೆ ಘಟಕಕ್ಕೆ. ಅಂಗಡಿಯಲ್ಲಿ ಚಾರ್ಜಿಂಗ್, ಮಾರಾಟ ನಡೆಸಿಕೊಂಡು, ಹಳೆಯದನ್ನು ಇಡಿಯಾಗಿ ಡೀಲರಿಗೆ ಒಪ್ಪಿಸಿದರೂ ದುಡಿಮೆ ನಿಲ್ಲುವುದಿಲ್ಲ. ಅವರು ಅಂಗಡಿಯಲ್ಲೇ ಮೈ ತೊಳೆದು ಬಟ್ಟೆ, ಚಪ್ಪಲಿ ಬದಲಿಸಿ ಬರಲಿ. ಆ ಬಟ್ಟೆಯನ್ನು ಬೇರೆಯಾಗಿ ಅವರೇ ಒಗೆದುಕೊಳ್ಳಲಿ. ಬಸುರಿ ಹೆಂಡತಿಗಾಗಿ ಎರಡು ಅಂಗಿ ಹಿಂಡಿದರೆ ಯಾವ ಗಂಡಸಿನ ಮಾನವೂ ಹೋಗುವುದಿಲ್ಲ. ಮನೆಯನ್ನು ಒಣ ಪೊರಕೆಯಲ್ಲಿ ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಈ ಕೆಲಸವೂ ನಿಮ್ಮದಾಗದಿದ್ದರೆ ಒಳ್ಳೆಯದು. ಹಿತ್ತಲ ಮಣ್ಣಲ್ಲಿ ಬೆಳೆದ ಸೊಪ್ಪು ಬೇಡ, ಅಲ್ಲಿ ಕೆದಕುವ ಕೋಳಿಯ ಮೊಟ್ಟೆಯೂ ಬೇಡ.

ರಕ್ತದಲ್ಲಿ ಸೀಸದ ಪರೀಕ್ಷೆ ಮಾಡಿಸಿ, ನಿಮ್ಮದು ಮತ್ತು ಯಜಮಾನರದು ಎರಡೂ. ಮಾಮೂಲಿ ತಪಾಸಣೆಯಲ್ಲಿ ಇದು ಇರುವುದಿಲ್ಲ, ಕೇಳಿಯೇ ಬರೆಸಿಕೊಳ್ಳಬೇಕು. ನಿಮ್ಮಲ್ಲಿ 5 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮೂಲ ಹುಡುಕಿ ತಡೆಯಬೇಕು, ಕ್ಯಾಲ್ಸಿಯಂ ಸರಿಯಾಗಿ ಸಿಗುವಂತೆ ನೋಡಿಕೊಳ್ಳಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 2021ರ ಸಲಹೆ. ಸೀಸವನ್ನು ಕಟ್ಟಿ ಹೊರಹಾಕುವ ಔಷಧದ ಮಾತು ಬರುವುದು ಬಹಳ ಮೇಲೆ, 45ರ ಆಸುಪಾಸಿನಲ್ಲಿ, ಅದೂ ದೊಡ್ಡ ಆಸ್ಪತ್ರೆಯಲ್ಲಿ. ಅಷ್ಟಿರುವ ಸಂಭವ ಕಡಿಮೆ. ಮೂಲ ನಿಂತರೆ ರಕ್ತದ ಸೀಸ ತಿಂಗಳೊಪ್ಪತ್ತಿನಲ್ಲಿ ಅರ್ಧಕ್ಕೆ ಇಳಿಯತೊಡಗುತ್ತದೆ, ಮತ್ತೆ ಪರೀಕ್ಷಿಸಿ ನೋಡಬಹುದು.

ಬಾಣಂತನಕ್ಕೆ ತವರಿಗೆ ಹೇಗೂ ಹೋಗುತ್ತೀರಿ. ಎರಡು ತಿಂಗಳು ಮೊದಲೇ ಹೋದರೆ ನನ್ನ ಒಪ್ಪಿಗೆ ಇದೆ. ಆದರೆ ಕೂಸು ಎತ್ತಿಕೊಂಡು ಮರಳುವ ಹೊತ್ತಿಗೆ ಈ ಮನೆ ಬದಲಾಗಿರಬೇಕು. ಅಂಬೆಗಾಲಿಡುವ ಮಗು ನೆಲದ ಮೇಲೇ ಇರುತ್ತದೆ, ಕೈ ಸದಾ ಬಾಯಲ್ಲಿ. ದೊಡ್ಡವರ ಕರುಳು ನುಂಗಿದ ಸೀಸದಲ್ಲಿ ಹತ್ತರಲ್ಲೊಂದು ಪಾಲು ಹೀರಿದರೆ ಮಗುವಿನದು ಅರ್ಧದಷ್ಟನ್ನೂ ಹೀರಬಲ್ಲದು. ಹೆಚ್ಚಿನ ಮಕ್ಕಳ ರಕ್ತದಲ್ಲಿ ಸೀಸ ಏರುವುದು ಒಂದೂವರೆಯಿಂದ ಮೂರು ವರ್ಷದ ನಡುವೆ. ಬಸುರಿನಲ್ಲಿ ಕಾಪಾಡಿದ್ದನ್ನು ಆಗ ಕಳೆದುಕೊಳ್ಳಬಾರದು.

ಪ್ರಶ್ನೆ: ಸೊಸೆಗೆ ಐದು ತಿಂಗಳು. ಕದ್ದು ಕದ್ದು ಬಳಪ, ಕೆಮ್ಮಣ್ಣು ತಿನ್ನುತ್ತಾಳೆ. ಮಗ ಯಾವುದೋ ವಿಡಿಯೋ ನೋಡಿ, ಮಣ್ಣಲ್ಲಿ ಸೀಸ ಇರ್ತದೆ, ಮಗು ದಡ್ಡ ಆಗ್ತದೆ ಅಂತ ಗಲಾಟೆ. ನಾವೂ ತಿಂದವರೇ. ನನ್ನ ನಾಲ್ಕು ಮಕ್ಕಳಲ್ಲಿ ಯಾರು ದಡ್ಡರು?
— ಒಬ್ಬ ಅತ್ತೆ, ಹೊಳಲ್ಕೆರೆ

ಉತ್ತರ: ನಿಮ್ಮ ಮಕ್ಕಳು ಜಾಣರೇ ಇರಲಿ ತಾಯಿ, ಅದರ ಬಗ್ಗೆ ತಕರಾರಿಲ್ಲ. ಸೀಸ ಮಗುವನ್ನು ‘ದಡ್ಡ’ ಮಾಡುತ್ತದೆ ಎಂಬುದೂ ಒರಟು ಮಾತು. ಬಾಸ್ಟನ್ನಿನಲ್ಲಿ ಹೊಕ್ಕುಳಬಳ್ಳಿಯ ರಕ್ತ ಪರೀಕ್ಷಿಸಿ ಮಕ್ಕಳನ್ನು ಎರಡು ವರ್ಷ ಗಮನಿಸಿದ ಅಧ್ಯಯನ 1987ರಲ್ಲಿ ಬಂತು. ಸೀಸ 10 ಮೈಕ್ರೋಗ್ರಾಂ ದಾಟಿದ್ದ ಮಕ್ಕಳ ಬೆಳವಣಿಗೆಯ ಅಂಕ, ಬಹಳ ಕಡಿಮೆ ಸೀಸವಿದ್ದವರಿಗಿಂತ ಸರಾಸರಿ 4.8 ಕಡಿಮೆಯಿತ್ತು. ಏಳು ಅಧ್ಯಯನಗಳ 1,333 ಮಕ್ಕಳ ಲೆಕ್ಕ ಒಟ್ಟು ಹಾಕಿದ 2005ರ ವರದಿ ಇನ್ನೊಂದನ್ನು ತೋರಿಸಿತು: ಬುದ್ಧಿಮಟ್ಟದ ದೊಡ್ಡ ನಷ್ಟ ಆಗುವುದು ಮೊದಲ 10 ಮೈಕ್ರೋಗ್ರಾಂ ಒಳಗೇ. ಮನೆಯಲ್ಲಿ ಕೂತು ನೋಡಿದರೆ ನಾಲ್ಕೈದು ಅಂಕ ಯಾರ ಕಣ್ಣಿಗೂ ಬೀಳುವುದಿಲ್ಲ. ಇನ್ನೂ ಚುರುಕಾಗಬಹುದಿದ್ದ ಮಗು ಸ್ವಲ್ಪ ಕಡಿಮೆ ಚುರುಕಾಗಿ ಬೆಳೆಯುತ್ತದೆ, ಗಮನ ಬೇಗ ಚದುರುತ್ತದೆ, ಅಷ್ಟೇ. ಒಂದು ಊರಿನ ಎಲ್ಲ ಮಕ್ಕಳಿಗೂ ಹಾಗಾದರೆ ಶಾಲೆಯ ಮೇಷ್ಟ್ರಿಗೆ ಗೊತ್ತಾಗುತ್ತದೆ.

ಎಲ್ಲ ಮಣ್ಣಲ್ಲೂ ಸೀಸ ಇರುವುದಿಲ್ಲ. ರಸ್ತೆ ಬದಿಯ, ಗ್ಯಾರೇಜು, ಗುಜರಿ ಅಂಗಡಿ ಹತ್ತಿರದ ಮಣ್ಣಾದರೆ ನಿಮ್ಮ ಮಗನ ಗಲಾಟೆ ಸರಿ. ಸೀಸವಿರಲಿ ಬಿಡಲಿ, ಮಣ್ಣಿನ ಬಯಕೆ ರಕ್ತ ಕಡಿಮೆ ಇರುವುದರ ಗುರುತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ ನಮ್ಮ ರಾಜ್ಯದ ಬಸುರಿಯರಲ್ಲಿ ಸುಮಾರು ಶೇಕಡ 46 ಮಂದಿಗೆ ರಕ್ತಹೀನತೆ ಇತ್ತು. ಸೊಸೆಯನ್ನು ಬೈಯಬೇಡಿ, ಬೈದರೆ ಇನ್ನೂ ಗುಟ್ಟಾಗಿ ತಿನ್ನುತ್ತಾಳೆ. ಹಿಮೋಗ್ಲೋಬಿನ್ ನೋಡಿಸಿ, ಮಾತ್ರೆ ನುಂಗುತ್ತಿದ್ದಾಳೋ ಇಲ್ಲವೋ ವಿಚಾರಿಸಿ, ಹುರಿದ ಕಡಲೆ, ನೆಲ್ಲಿಕಾಯಿ ಕೈಗೆ ಸಿಗುವಂತೆ ಇಡಿ. ಕಬ್ಬಿಣ ತುಂಬಿದರೆ ಹೆಚ್ಚಿನವರಲ್ಲಿ ಬಳಪದ ಚಪಲ ತಾನೇ ಇಳಿಯುತ್ತದೆ.

ಪ್ರಶ್ನೆ: ಮಗನಿಗೆ ನಾಲ್ಕು ವರ್ಷ. ಮಾತು ತಡ, ಒಂದು ಕಡೆ ಕೂರುವುದಿಲ್ಲ. ನಾನು ಬಸುರಿಯಿದ್ದಾಗ ಪೇಂಟಿಂಗ್ ಕೆಲಸಕ್ಕೆ ಹೋಗುತ್ತಿದ್ದೆ. ಮೈಯ ಸೀಸವನ್ನೆಲ್ಲ ತೆಗೆಯುವ ಔಷಧಿ ಇದೆ ಎಂದು ಒಬ್ಬರು ಆರು ಸಾವಿರ ಕೇಳುತ್ತಿದ್ದಾರೆ. ಕೊಡಿಸಲೇ?
— ಹೊಸದುರ್ಗ

ಉತ್ತರ: ಬೇಡ. ಅಮೆರಿಕದಲ್ಲಿ ಸೀಸ ಹೆಚ್ಚಿದ್ದ 780 ಪುಟ್ಟ ಮಕ್ಕಳಲ್ಲಿ ಅರ್ಧ ಮಂದಿಗೆ ಸೀಸ ಇಳಿಸುವ ನಿಜವಾದ ಔಷಧ, ಉಳಿದವರಿಗೆ ಬರೀ ಹುಸಿ ಮಾತ್ರೆ ಕೊಟ್ಟು ಮೂರು ವರ್ಷ ನೋಡಿದರು. ಔಷಧ ತಿಂದವರ ರಕ್ತದಲ್ಲಿ ಸೀಸ ಇಳಿಯಿತು. ಬುದ್ಧಿ, ನಡವಳಿಕೆಯಲ್ಲಿ ಇಬ್ಬರಿಗೂ ವ್ಯತ್ಯಾಸ ಕಾಣಲಿಲ್ಲ. 2001ರಲ್ಲಿ ಬಂದ ಈ ಫಲಿತಾಂಶವೇ ಈ ಅಂಕಣದಲ್ಲಿ ನಾನು ಬಸುರಿಯರ ಹಿಂದೆ ಬಿದ್ದಿರುವುದಕ್ಕೆ ಕಾರಣ: ಮೆದುಳಿಗೆ ಆದದ್ದನ್ನು ಆಮೇಲೆ ತೊಳೆದು ತೆಗೆಯಲಾಗದು. ನಿಮಗೆ ಮಾರಲು ಬಂದ ಪುಡಿಯಲ್ಲಿ ಏನಿದೆಯೋ ಯಾರಿಗೂ ಗೊತ್ತಿಲ್ಲ. ನಾಗಭಸ್ಮದಂಥವು ಸೀಸದಿಂದಲೇ ಆದವು ಎಂಬುದನ್ನು ಮರೆಯಬೇಡಿ.

ಪೇಂಟಿಂಗ್ ಕೆಲಸದ್ದೇ ತಪ್ಪು ಎಂದು ಈಗಲೇ ಕೊರಗಬೇಡಿ. ಮಾತು ತಡವಾಗಲು ಕಿವಿ ಮಂದವಿರುವುದು, ಆಟಿಸಂ, ರಕ್ತಹೀನತೆ, ದಿನವಿಡೀ ಮೊಬೈಲ್, ಹೀಗೆ ಹತ್ತು ಕಾರಣ. ಮೊದಲು ಕಿವಿ ಪರೀಕ್ಷೆ, ಜೊತೆಗೆ ಸೀಸದ್ದು ಮತ್ತು ಹಿಮೋಗ್ಲೋಬಿನ್. ಅಂಗನವಾಡಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ತಂಡಕ್ಕೆ ತೋರಿಸಿದರೆ ಜಿಲ್ಲಾ ಮಟ್ಟದ ಶೀಘ್ರ ಚಿಕಿತ್ಸಾ ಕೇಂದ್ರಕ್ಕೆ ಕಳಿಸುತ್ತಾರೆ. ಮೈಸೂರಿನ ವಾಕ್ ಶ್ರವಣ ಸಂಸ್ಥೆ ಮಾತಿನ ತೊಂದರೆಗೆಂದೇ ಇದೆ. ಆ ಆರು ಸಾವಿರ ಅಲ್ಲಿಗೆ ಹೋಗಿ ಬರುವ ಖರ್ಚಿಗೆ ಇರಲಿ. ಮಾತು ಕಲಿಸುವ ತರಬೇತಿ, ಕತೆ ಹೇಳುವುದು, ಹೊಟ್ಟೆ ತುಂಬ ಊಟ, ಇವು ಸೀಸ ತಗುಲಿದ ಮಗುವಿಗೂ ಕೆಲಸಕ್ಕೆ ಬರುತ್ತವೆ. ಇನ್ನೊಂದು: ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ 2017ರ ನವೆಂಬರಿನಿಂದ ಜಾರಿಯಲ್ಲಿದೆ. ಅಪಾಯ ಹೆಚ್ಚಿರುವುದು ಅದಕ್ಕೂ ಹಿಂದಿನ ಬಾಗಿಲು, ಕಿಟಕಿ ಉಜ್ಜುವಾಗ. ಇನ್ನು ಮುಂದೆ ಒಣ ಉಪ್ಪುಕಾಗದದಲ್ಲಿ ಉಜ್ಜಬೇಡಿ.

ಪ್ರಶ್ನೆ: ನೀರು ಕುದಿಸಿ ಕುಡಿದರೆ ಸೀಸ ಹೋಗುತ್ತದೆಯೇ? ಅರಿಸಿನದಲ್ಲೂ ಸೀಸ ಅಂತಾರಲ್ಲ?
— ಹಿರಿಯೂರು

ಉತ್ತರ: ಹೋಗುವುದಿಲ್ಲ. ನಮ್ಮ ಜಿಲ್ಲೆಯ ಬೋರ್‌ವೆಲ್ ನೀರಿನ ಹಳೇ ತಲೆನೋವು ಫ್ಲೋರೈಡ್, ಸೀಸವಲ್ಲ. ಎರಡಕ್ಕೂ ಕುದಿಸುವುದು ಮದ್ದಲ್ಲ, ಆರ್‌ಒ ಘಟಕದ ನೀರು ಎರಡಕ್ಕೂ ಆಗುತ್ತದೆ. ಅರಿಸಿನಕ್ಕೆ ಬಣ್ಣ ಬರಲೆಂದು ಸೀಸದ ಕ್ರೋಮೇಟ್ ಹಚ್ಚುವುದು ಬಾಂಗ್ಲಾದೇಶದಲ್ಲಿ ಪತ್ತೆಯಾಯಿತು, ಅಲ್ಲಿನ ಸರ್ಕಾರ 2019ರಿಂದ ಹಿಡಿದು ನಿಲ್ಲಿಸಿತು. ನಮ್ಮ ಪಾಟ್ನಾದ ಮಾದರಿಗಳಲ್ಲೂ ಸಿಕ್ಕಿದೆ. ಕಣ್ಣು ಕುಕ್ಕುವ ಹಳದಿಯ ಬಿಡಿ ಪುಡಿ, ಬಣ್ಣ ಮೆತ್ತಿದಂತಿರುವ ಕೊಂಬು ಬೇಡ. ಪರಿಚಯದ ರೈತರಿಂದ ತಂದು ಮನೆಯಲ್ಲೇ ಬೀಸಿಸಿದರೆ ಚಿಂತೆಯಿಲ್ಲ. ಕೂಸಿನ ಕಣ್ಣಿಗೆ ಅಂಗಡಿಯ ಸುರ್ಮಾ ಹಚ್ಚಬೇಡಿ, ಕೆಲವು ಪೂರ್ತಿ ಸೀಸದ ಅದಿರೇ.

ಪ್ರಶ್ನೆ: ಸೀಸ ಇರುವ ತಾಯಿ ಹಾಲು ಕುಡಿಸಬಹುದೇ?
— ಚಿತ್ರದುರ್ಗ

ಉತ್ತರ: ಕುಡಿಸಲೇಬೇಕು. ರಕ್ತದಲ್ಲಿರುವುದರ ಬಹಳ ಸಣ್ಣ ಪಾಲು ಮಾತ್ರ ಹಾಲಿಗೆ ಬರುತ್ತದೆ. 40 ಮೈಕ್ರೋಗ್ರಾಂ ದಾಟಿದ ತಾಯಿ ಮಾತ್ರ ವೈದ್ಯರನ್ನು ಕೇಳಿ ನಿರ್ಧರಿಸಬೇಕು. ಬಾಣಂತಿಗೆ ಕ್ಯಾಲ್ಸಿಯಂ ಮಾತ್ರೆ ಆರು ತಿಂಗಳು ಮುಂದುವರಿಯಲಿ.

ಕೊನೆಗೆ ಆಶಾ ಕಾರ್ಯಕರ್ತೆಯರಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯ ಮಿತ್ರರಲ್ಲಿ ಒಂದು ಕೋರಿಕೆ. ತಾಯಿ ಕಾರ್ಡ್ ತುಂಬುವ ದಿನವೇ ಮನೆಯವರು ಏನು ಕೆಲಸ ಮಾಡುತ್ತಾರೆ, ಎಲ್ಲಿ ಮಾಡುತ್ತಾರೆ ಎಂದು ಕೇಳಿ. ಬ್ಯಾಟರಿ, ಗುಜರಿ, ಬೆಸುಗೆ, ಪೇಂಟಿಂಗ್ ಎಂದರೆ ಸೀಸದ ಪರೀಕ್ಷೆಗೆ ಅಂದೇ ಚೀಟಿ ಬರೆಯಿರಿ.